ಹಡಗಿನ ಮೇಲೊಂದು ಚಪ್ಪಲಿಸಾಲು

ಅಜ್ಜಂಪುರದ ಚರಿತ್ರೆಯನ್ನು ಮುಂದೆಂದಾದರೂ ಯಾರಾದರೂ ಬರೆಯುವುದಾದರೆ, ಯೂರಿಯಾಕ್ಕೆ ಹಾಹಾಕಾರವೆದ್ದ ಆ ಮುಂಗಾರಿನ ಬೆಳಗನ್ನು ಕೈಬಿಡುವಂತಿಲ್ಲ. ನಮ್ಮೂರು ಆಗಿನ್ನೂ ತಾಲ್ಲೂಕು ಕೇಂದ್ರವಾಗಿರಲಿಲ್ಲ. ಏನಿದ್ದರೂ ತರೀಕೆರೆಗೆ ಓಡಬೇಕಾಗಿತ್ತು. ಎರಡು ಲಾರಿ ಗೊಬ್ಬರ ಬರುತ್ತದೆಂದು ಸುದ್ದಿಯಾಗಿ, ಬಂದದ್ದು ಒಂದೇ ಲಾರಿ. ಶಿವನಿ, ಅಂತರಘಟ್ಟೆ ಕಡೆಯ ರೈತರೆಲ್ಲ ಹಿಂದಿನ ದಿನವೇ ಬಂದು ಚನ್ನಬಸಪ್ಪನವರ ಗೊಬ್ಬರದ ಅಂಗಡಿಯ ಮುಂದೆ ನೆರೆದಿದ್ದರು. ಪೊಲೀಸರು ಲಾಠಿಗಳನ್ನು ಗೋಡೆಗೆ ಒರಗಿಸಿ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಗಲಾಟೆಯ ನಿರೀಕ್ಷೆಯಲ್ಲಿದ್ದರು. ಆಗ ಚನ್ನಬಸಪ್ಪನವರು ಸ್ಟೂಲಿನ ಮೇಲೆ ಹತ್ತಿ ನಿಂತು ಒಂದು ಶಾಸನ ಹೊರಡಿಸಿದರು: ಜನ ಮನೆಗೆ ಹೋಗಲಿ, ಚಪ್ಪಲಿಗಳು ಸಾಲಿನಲ್ಲಿ ನಿಲ್ಲಲಿ, ಬೆಳಗ್ಗೆ ಯಾರ ಚಪ್ಪಲಿ ಎಲ್ಲಿದೆಯೋ ಅವರ ಸರದಿ ಅಲ್ಲಿ.

ಚಪ್ಪಲಿ ಬಿಟ್ಟು ಜಾಗ ಹಿಡಿಯುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಅದಕ್ಕೆ ಕಾನೂನಿನ ಘನತೆ ತಂದುಕೊಟ್ಟವರು ಅವರೇ. ಮಾರನೆಯ ದಿನ ಇಡೀ ಲಾರಿ ಒಂದು ಏರುದನಿಯೂ ಇಲ್ಲದೆ ಖಾಲಿಯಾಯಿತು. ಶಿಫಾರಸು ತಂದವರೆಲ್ಲ ಹಿಂದಕ್ಕೆ ಹೋದರು. ಚನ್ನಬಸಪ್ಪನವರ ಸ್ವಂತ ಷಡ್ಡಕನ ಎಡಗಾಲಿನ ಚಪ್ಪಲಿಯನ್ನು ನಾಯಿಯೊಂದು ಕಚ್ಚಿಕೊಂಡು ಹೋಗಿತ್ತು. ಚಪ್ಪಲಿಯಿಲ್ಲದವನಿಗೆ ಸಾಲಿಲ್ಲವೆಂದು ಆತನನ್ನೂ ಕೊನೆಗೆ ಕಳಿಸಲಾಯಿತು. ಬಲಗಾಲಿನದು ಇದೆಯಲ್ಲ ಎಂದು ಆತ ವಾದಿಸಿದ. ಅರ್ಧ ಮೂಟೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಉತ್ತರ ಬಂತು. ಆ ಎರಡು ಮನೆಗಳ ನಡುವೆ ಮಾತುಕತೆ ಇಂದಿಗೂ ಅಷ್ಟಕ್ಕಷ್ಟೇ.

ಇಂಥ ವಿಜಯವನ್ನು ಒಮ್ಮೆ ಕಂಡ ಮನುಷ್ಯ ಅದನ್ನು ಮರೆಯುವುದು ಕಷ್ಟ. ಲೋಕದ ಸಕಲ ತೊಡಕುಗಳಿಗೂ ಒಂದು ನೇರವಾದ ಸಾಲೇ ಮದ್ದು ಎಂಬ ಸಿದ್ಧಾಂತಕ್ಕೆ ಚನ್ನಬಸಪ್ಪನವರು ಅಂದಿನಿಂದ ಬದ್ಧರಾದರು. ಅವರ ನೆರೆಮನೆಯವನಾದ ನಾನು, ಮೂರು ದಶಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು, ಈ ಸಿದ್ಧಾಂತವನ್ನು ಜಗುಲಿಯ ಮೇಲೆ ಕುಳಿತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ಸಮುದ್ರದ ಮೇಲೂ ನಡೆಯಬಲ್ಲುದೇ ಎಂಬ ಪರೀಕ್ಷೆ ಕಳೆದ ಮಾಘ ಮಾಸದಲ್ಲಿ ಬಂತು.

ತೋಟಕ್ಕೆ ಹನಿ ನೀರಾವರಿಯ ಪೈಪು ಮಾಡುವ ಕಂಪನಿಯೊಂದು, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಮುಂಬಯಿಯಿಂದ ಕ್ರೂಸ್ ಹಡಗಿನಲ್ಲಿ ಲಕ್ಷದ್ವೀಪದವರೆಗೆ ಸುತ್ತಾಡಿಸಿ ತರುವುದಾಗಿ ಸಾರಿತು. ನಮ್ಮ ಸೀಮೆಯಲ್ಲಿ ತೆಂಗಿನ ತೋಟಗಳಿಗೆ ಕಡಿಮೆಯಿಲ್ಲದ ಕಾರಣ ಚನ್ನಬಸಪ್ಪನವರಿಗೆ ಇಬ್ಬರ ಟಿಕೆಟ್ಟು ಬಂತು. ಅವರ ಪತ್ನಿ ಸುಲೋಚನಮ್ಮನವರು, ಕಾಲಿಗೆ ನೆಲ ಸಿಗದ ಕಡೆ ತಾವು ಊಟ ಮಾಡುವವರಲ್ಲ ಎಂದು ಹೇಳಿಬಿಟ್ಟದ್ದರಿಂದ ಎರಡನೆಯ ಟಿಕೆಟ್ಟು ನನ್ನ ಪಾಲಾಯಿತು.

ಅಷ್ಟರಲ್ಲಿ ಇನ್ನೊಂದು ಕಾರ್ಯ ಗೊತ್ತಾಯಿತು. ತರೀಕೆರೆಯಲ್ಲಿರುವ ಅವರ ತಂಗಿ ತೀರ್ಥಮ್ಮನ ಮಗಳು ಬೃಂದಾಳಿಗೆ ಕಡೂರಿನ ಷಣ್ಮುಖಪ್ಪನವರ ಮಗ ಭೈರೇಶನನ್ನು ಕೇಳಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ ಆಗಿತ್ತು. ಷಣ್ಮುಖಪ್ಪನವರು ನಿಶ್ಚಿತಾರ್ಥದ ತಟ್ಟೆ ಬದಲಾಯಿಸುವ ಶಾಸ್ತ್ರಕ್ಕೆ ದಿನ ನೋಡಿಸಿದರು. ಅದು ಹಡಗು ಮುಂಬಯಿಗೆ ಮರಳುವ ದಿನದ ಸಂಜೆಯೇ ಆಗಿ ಕುಳಿತಿತು. ಬೃಂದಾಳ ತಂದೆ ತೀರಿಕೊಂಡು ಹಲವು ವರ್ಷಗಳಾಗಿವೆ. ಹೆಣ್ಣಿನ ಕಡೆಯ ತಟ್ಟೆಯನ್ನು ಹಿಡಿಯಬೇಕಾದವರು ಸೋದರಮಾವನೇ. ಷಣ್ಮುಖಪ್ಪನವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಹೊರಡದ ಬಸ್ಸಿನ ಹಾಗೆ ಕಾಯುವುದು ಅವರಿಗೆ ಒಗ್ಗದು. ಆ ಸಂಜೆ ಮಾವ ಇಲ್ಲವೆಂದರೆ ಯುಗಾದಿ ಕಳೆದ ಮೇಲೆ ನೋಡೋಣ, ಅಷ್ಟರಲ್ಲಿ ಏನೇನಾಗುತ್ತದೋ ಎಂದು ನಿಧಾನವಾಗಿಯೇ ಹೇಳಿದ್ದರು. ಆ 'ಏನೇನೋ' ಎಂದರೆ ಚಿಕ್ಕಮಗಳೂರಿನ ಕಡೆಯಿಂದ ಬಂದಿದ್ದ ಇನ್ನೊಂದು ಸಂಬಂಧವೆಂಬುದು ಎಲ್ಲರಿಗೂ ತಿಳಿದಿತ್ತು.

ಹಡಗಿನ ಪ್ರಯಾಣ ಬಿಟ್ಟುಬಿಡು ಎಂದು ತಂಗಿ ಹೇಳಿದಳು, ಹೆಂಡತಿ ಹೇಳಿದರು. ಚನ್ನಬಸಪ್ಪನವರು ಇಬ್ಬರ ಮಾತನ್ನೂ ಗೌರವದಿಂದ ಕೇಳಿ, ಮುಂಬಯಿಯಿಂದ ಬೆಂಗಳೂರಿಗೆ ಬೆಳಗಿನ ವಿಮಾನಕ್ಕೆ ನಮ್ಮಿಬ್ಬರ ಟಿಕೆಟ್ಟು ಮಾಡಿಸಿದರು. ಬೃಂದಾಳಿಗೆ ಮಾತ್ರ ತಾವೇ ಹೋಗಿ ಹೇಳಿ ಬಂದರು: "ನಾನಿಲ್ದೆ ನಿನ್ ತಟ್ಟೆ ಬದಲಾಗಲ್ಲ ಕಣವ್ವ. ನಾನು ಬತ್ತೀನಿ."

ಸಮುದ್ರಯಾನದ ವರ್ಣನೆಯನ್ನು ನಾನಿಲ್ಲಿ ಮಾಡಹೊರಟಿಲ್ಲ. ನೀರು ಬಹಳವಿತ್ತು, ಊಟ ಅದಕ್ಕಿಂತ ಹೆಚ್ಚಿತ್ತು. ತೊಡಕು ಪ್ರಾರಂಭವಾದದ್ದು ಕೊನೆಯ ಸಂಜೆ. ಮಾರನೆಯ ಬೆಳಗ್ಗೆ ಪ್ರಯಾಣಿಕರನ್ನು ಗುಂಪು ಗುಂಪಾಗಿ ಇಳಿಸುವುದಾಗಿಯೂ, ಬೇಗನೆ ವಿಮಾನ ಹಿಡಿಯುವವರು ಕೌಂಟರಿಗೆ ಬಂದು ತಿಳಿಸಬೇಕೆಂದೂ ಧ್ವನಿವರ್ಧಕದಲ್ಲಿ ಹೇಳಿದರು. ನಮ್ಮ ಕಂಪನಿಯ ಬಳಗಕ್ಕೆ ಮಧ್ಯಾಹ್ನದ ರೈಲಾದ್ದರಿಂದ ನಮ್ಮೆಲ್ಲರನ್ನೂ ಕೊನೆಯ ಗುಂಪಿಗೆ ಹಾಕಿದ್ದರು.

ಹೋಗಿ ಒಂದು ಮಾತು ಹೇಳಿ ಬರೋಣವೆಂದು ನಾನು ಎದ್ದೆ. ಚನ್ನಬಸಪ್ಪನವರು ನನ್ನ ಕೈಹಿಡಿದು ಕೂರಿಸಿದರು. ಕಷ್ಟ ಹೇಳಿಕೊಂಡವರನ್ನೆಲ್ಲ ಮುಂದೆ ಬಿಡುವುದಾದರೆ ಕಷ್ಟವಿಲ್ಲದವನು ಯಾವನು, ತಾನು ಆಯುಷ್ಯದಲ್ಲಿ ಯಾರ ಮುಂದೆಯೂ ನಿಂತು ನನ್ನನ್ನು ಮೊದಲು ಬಿಡಿ ಎಂದು ಕೇಳಿದವನಲ್ಲ, ತನ್ನ ಅಂಗಡಿಯಲ್ಲಿ ಹಾಗೆ ಕೇಳಿದವರನ್ನು ಬಿಟ್ಟವನೂ ಅಲ್ಲ ಎಂದು ಉಪನ್ಯಾಸ ಕೊಟ್ಟರು. ಆಮೇಲೆ ಎದ್ದು, ಮೂರನೆಯ ಅಂತಸ್ತಿನಲ್ಲಿ ಇಳಿಯುವ ಬಾಗಿಲು ಯಾವುದೆಂದು ಪತ್ತೆ ಮಾಡಿ, ಅದರ ಪಕ್ಕದಲ್ಲಿ, ಸಮುದ್ರದ ಕಡೆಯ ಕಂಬಿಗೆ ಒತ್ತಿಕೊಂಡಂತೆ ತಮ್ಮ ಚಪ್ಪಲಿಗಳನ್ನು ಬಿಟ್ಟರು. ಶಾಸ್ತ್ರಕ್ಕೆಂದು ಸುಲೋಚನಮ್ಮನವರು ಕಡೂರಿನಲ್ಲಿ ಕೊಡಿಸಿದ್ದ ಹೊಸ ಚಪ್ಪಲಿಗಳು ಅವು. ಬೇರೆ ಜೊತೆ ತಂದಿರಲಿಲ್ಲ. ಕೋಣೆಯಲ್ಲಿ ಹಡಗಿನವರು ಇಟ್ಟಿದ್ದ ಬಿಳಿ ಬಟ್ಟೆಯ ಚಪ್ಪಲಿಗಳನ್ನು ಕಾಲಿಗೇರಿಸಿಕೊಂಡು ಸಂತೃಪ್ತರಾಗಿ ಊಟಕ್ಕೆ ಹೋದರು.

ನಮ್ಮ ಬಳಗದಲ್ಲಿದ್ದ ಕಡೂರಿನ ಪಂಪ್‌ಸೆಟ್ ವ್ಯಾಪಾರಿ ತಿಮ್ಮರಾಯಪ್ಪನವರು ಅದೇ ದಾರಿಯಲ್ಲಿ ಬಂದರು. ಒಂದು ಜೊತೆ ಚಪ್ಪಲಿ ಬಾಗಿಲ ಕಡೆ ನಿಂತಿರುವುದನ್ನು ಕಂಡ ನಮ್ಮ ಸೀಮೆಯ ಮನುಷ್ಯನಿಗೆ ವಿವರಣೆ ಬೇಕಿಲ್ಲ. ಏಕೆ, ಏನು ಎಂದು ಕೇಳದೆ ಅವರು ತಮ್ಮದನ್ನು ಹಿಂದೆ ಬಿಟ್ಟರು. ಅವರದನ್ನು ನೋಡಿ ಬೀರೂರಿನವರು, ಅವರನ್ನು ನೋಡಿ ದಾವಣಗೆರೆಯವರು. ಊಟ ಮುಗಿಸಿ ನಾನು ಹೋಗಿ ನೋಡುವಷ್ಟರಲ್ಲಿ ಬೇರೆ ಸೀಮೆಯವರೂ ಶಾಸನಕ್ಕೆ ಒಳಪಟ್ಟಿದ್ದರು: ಜರಿ ಹೊಲಿದ ಮೋಜಡಿ, ಎತ್ತರದ ಹಿಮ್ಮಡಿಯ ಹೆಂಗಸರ ಚಪ್ಪಲಿ, ಗಜ್ಜೆ ಕಟ್ಟಿದ ಮಗುವಿನ ಬೂಟು. ಸಾಲು ಕಂಬಿಯುದ್ದಕ್ಕೂ ಬಳಸಿಕೊಂಡು ಹೋಗಿತ್ತು. ವಿದ್ಯಾವಂತನಾದ ನಾನು ಇದಕ್ಕೆಲ್ಲ ಇಳಿಯಬಾರದೆಂದು ಸ್ವಲ್ಪ ಹೊತ್ತು ಯೋಚಿಸಿ, ನನ್ನ ಬೂಟುಗಳನ್ನೂ ಬಿಟ್ಟು ಬಂದೆ.

ಬೆಳಗಾಗುತ್ತಲೇ ಹಡಗು ಬಂದರಿನೊಳಕ್ಕೆ ನಿಧಾನವಾಗಿ ಸರಿಯುತ್ತಿತ್ತು. ನಾನು ಸ್ನಾನಕ್ಕೆ ಹೋಗಿದ್ದಾಗ ಚನ್ನಬಸಪ್ಪನವರು ಚೀಲ ಹೆಗಲಿಗೇರಿಸಿಕೊಂಡು ಸಾಲು ಕಾಯಲು ಹೋಗಿಬಿಟ್ಟರು. ಅಲ್ಲಿ ಮಡಚಿ ಪೇರಿಸಿಟ್ಟಿದ್ದ ಕುರ್ಚಿಗಳ ಹಿಂದೆ ಗಾಳಿ ಬೀಸದ ಜಾಗ ನೋಡಿ ಕುಳಿತರು. ಅಂಗಡಿಯ ಮುಂದೆ ರೈತರು ಹೊಂಗೆ ಮರದ ಬುಡ ಹುಡುಕಿ ಕೂರುವಂತೆ. ಇನ್ನು ಮುಂದೆ ಅವರು ಕಂಡದ್ದೆಲ್ಲ ಅವರಿಂದ ನಾನು ಆಮೇಲೆ ಕೇಳಿ ತಿಳಿದದ್ದು.

ಗಸ್ತು ತಿರುಗುತ್ತಿದ್ದ ಹಡಗಿನ ನೌಕರನೊಬ್ಬ ಆ ಕಡೆ ಬಂದ. ಕಂಬಿಯ ಪಕ್ಕದಲ್ಲಿ ಗಂಡಸರ, ಹೆಂಗಸರ, ಮಗುವಿನ ಪಾದರಕ್ಷೆಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ನಿಂತಿರಬೇಕಾದ ಮನುಷ್ಯರು ಒಬ್ಬರೂ ಇಲ್ಲ. ಕಂಬಿಯ ಆಚೆ ನೀರಿದೆ. ಆತ ಎರಡು ಹೆಜ್ಜೆ ಹಿಂದೆ ಸರಿದು, ಕೆಳಗೆ ಬಗ್ಗಿ ನೋಡಿ, ಓಡಿದ. ಹಡಗಿನವರ ಶಾಸ್ತ್ರದಲ್ಲಿ ಕಂಬಿಯ ಬಳಿ ಬಿಟ್ಟ ಚಪ್ಪಲಿಗೆ ಒಂದೇ ಅರ್ಥ. ನಮ್ಮ ಶಾಸ್ತ್ರ ಅವರು ಓದಿಕೊಂಡಿರಲಿಲ್ಲ.

ಎಲ್ಲರೂ ಅಪಾಯದ ವೇಳೆ ಸೇರಲು ತಮಗೆ ಗೊತ್ತುಮಾಡಿದ ಜಾಗಗಳಿಗೆ ಬರಬೇಕು, ತಲೆಯೆಣಿಕೆ ಮುಗಿಯುವ ತನಕ ಯಾರನ್ನೂ ಇಳಿಸುವುದಿಲ್ಲ, ಕಂಬಿಯ ಬಳಿ ಪಾದರಕ್ಷೆ ಬಿಟ್ಟವರ ವಿಚಾರಣೆಯಾಗುತ್ತದೆ ಎಂದು ಧ್ವನಿವರ್ಧಕ ನುಡಿಯಿತು. ವಿಚಾರಣೆ ಎಂಬ ಮಾತು ಕೇಳಿದ್ದೇ ತಡ, ಸಾಲಿನ ಮಾಲೀಕರೆಲ್ಲ ತಮಗೆ ಜನ್ಮದಲ್ಲಿ ಚಪ್ಪಲಿಯೇ ಇರಲಿಲ್ಲವೆಂಬಂತೆ ಬರಿಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕುಳಿತರು.

ಚನ್ನಬಸಪ್ಪನವರು ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಆ ಪ್ರಕಟಣೆ ಸಾಲಿನಲ್ಲಿ ಇಲ್ಲದವರಿಗೆಂದು ಅವರು ತಿಳಿದರು. ನೌಕರರು ಬಂದು ಚಪ್ಪಲಿಗಳ ಸುತ್ತ ಹಳದಿ ಪಟ್ಟಿ ಕಟ್ಟಿದಾಗ, ಸಾಲು ಕೆಡದಂತೆ ಎಷ್ಟು ಮುತುವರ್ಜಿ ವಹಿಸುತ್ತಾರಲ್ಲ ಎಂದು ಮೆಚ್ಚಿಕೊಂಡರು. ಅವರ ಜೊತೆಯನ್ನು ಯಾರೋ ಒಬ್ಬ ಕೈಗವಸು ತೊಟ್ಟು ಎತ್ತಿ, ಕೆಳಗೇನಾದರೂ ಚೀಟಿಯಿದೆಯೇ ಎಂದು ನೋಡಿ ಮತ್ತೆ ಅಲ್ಲೇ ಇಟ್ಟಾಗ, ಮೊದಲನೆಯವರನ್ನು ಪರಿಶೀಲಿಸುವುದು ಸಹಜವೆಂದುಕೊಂಡರು. ಒಂದು ಸಣ್ಣ ದೋಣಿ ಹುಡುಕಾಟಕ್ಕೆ ನೀರಿಗಿಳಿಯಿತು. ಅದು ವಿಮಾನದವರನ್ನು ದಡಕ್ಕೆ ಒಯ್ಯಲು ಬಂದದ್ದೆಂದು ಭಾವಿಸಿ ಚೀಲದ ಪಟ್ಟಿಯನ್ನು ಬಿಗಿಮಾಡಿಕೊಂಡರು. ಕೊನೆಗೆ ಧ್ವನಿವರ್ಧಕ ಚನ್ನಬಸಪ್ಪ ಎಂದು ಅವರ ಹೆಸರನ್ನೇ ಕೂಗಿತು. ಅವರು ಕುರ್ಚಿಗಳ ಹಿಂದಿನಿಂದಲೇ, ಹಾಜರಿ ಹಾಕುವವರಿಗೆ ಹೇಳುವಂತೆ, ಇದೀನಿ ಎಂದರು. ತಮ್ಮದೇ ಮೊದಲ ನಂಬರು ಎಂಬುದು ಖಚಿತವಾಯಿತು.

ಇತ್ತ ಎಣಿಕೆಯಲ್ಲಿ ಕಡಿಮೆ ಬಿದ್ದವರು ಅವರೊಬ್ಬರೇ. ಅವರ ಫೋನಿಗೆ ಮಾಡಿ ನೋಡಿದೆ, ಸಿಗ್ನಲ್ ಇಲ್ಲದೆ ಕರೆ ಹೋಗಲಿಲ್ಲ. ಮಾಲಿನಿ ಎಂಬ ಕಾರವಾರದ ಕಡೆಯ ಯುವತಿ, ಹಡಗಿನ ಅಧಿಕಾರಿಗಳಲ್ಲಿ ಕನ್ನಡ ಬಲ್ಲವಳು, ನನ್ನ ಬಳಿ ಬಂದು ಕುಳಿತಳು. ವಿಷಯವನ್ನು ಆದಿಯಿಂದ ಕ್ರಮವಾಗಿ ತಿಳಿಸುವುದು ನನ್ನ ಅಭ್ಯಾಸ. ನಾನು ಯೂರಿಯಾದ ಅಭಾವದಿಂದ ಪ್ರಾರಂಭಿಸಿದೆ. ಆಕೆ ನನ್ನ ಭುಜ ಮುಟ್ಟಿ, ಸಮಾಧಾನ ಮಾಡಿಕೊಳ್ಳಿ, ಕೇಳಿದಷ್ಟಕ್ಕೆ ಹೇಳಿ ಎಂದಳು.

"ನಿಮ್ಮ ಸ್ನೇಹಿತರು ಎಲ್ಲಿಗೆ ಹೋದರು, ಸರ್?"

"ಅವರ ಚಪ್ಪಲಿ ಎಲ್ಲಿದೆಯೋ ಅಲ್ಲಿಗೆ," ಎಂದೆ. ಆಕೆಯ ಮುಖ ಬಿಳಿಚಿಕೊಂಡಿತು.

ಮನಸ್ಸಿಗೇನಾದರೂ ಚಿಂತೆಯಿತ್ತೇ ಎಂದು ಕೇಳಿದಳು. ಇತ್ತು ಎಂದೆ, ಇವತ್ತು ಸಂಜೆಯೊಳಗೆ ಊರು ಸೇರದಿದ್ದರೆ ತಂಗಿಗೆ ಮುಖ ತೋರಿಸುವ ಹಾಗಿಲ್ಲವೆಂದು ನಿನ್ನೆ ಅದೇ ಕಂಬಿ ಹಿಡಿದು ನಿಂತು ಹೇಳಿದ್ದರು. ನಾನಾಡಿದ ಒಂದೊಂದು ವಾಕ್ಯವೂ ನಿಜವಾಗಿತ್ತು, ವ್ಯಾಕರಣಶುದ್ಧವೂ ಆಗಿತ್ತು. ಆದರೂ ಏಕೋ ಪರಿಸ್ಥಿತಿ ಸುಧಾರಿಸಲಿಲ್ಲ. ಉಳಿದ ಚಪ್ಪಲಿಗಳವರ ಬಗ್ಗೆ ಕೇಳಿದಾಗ, ಅವರೆಲ್ಲ ಚನ್ನಬಸಪ್ಪನವರನ್ನು ನೋಡಿ ಅನುಸರಿಸಿದವರು ಎಂದೆ. ಮಾಲಿನಿ ಎದ್ದು ಹೋಗಿ ನೀರು ಕುಡಿದು ಬಂದಳು.

ಮನೆಯವರಿಗೆ ತಿಳಿಸಲೇಬೇಕಾಗಿ ಬಂತು. ಸುಲೋಚನಮ್ಮನವರು ಆಗಲೇ ತರೀಕೆರೆಯಲ್ಲಿದ್ದು ಹೋಳಿಗೆಗೆ ಹೂರಣ ರುಬ್ಬಿಸುತ್ತಿದ್ದರು. ಮಾಲಿನಿ ಹಡಗಿನ ಫೋನಿನಲ್ಲಿ ಬಹಳ ಮೆತ್ತಗೆ, ನಿಮ್ಮ ಯಜಮಾನರು ಕಾಣುತ್ತಿಲ್ಲ, ಬಾಗಿಲ ಬಳಿ ಅವರ ಚಪ್ಪಲಿ ಮಾತ್ರ ಸಿಕ್ಕಿದೆ, ಧೈರ್ಯ ತಂದುಕೊಳ್ಳಿ ಎಂದಳು. ಆ ಕಡೆಯಿಂದ ರುಬ್ಬುವ ಯಂತ್ರದ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಅವರದ್ದೊಂದೇನಾ, ಹಿಂದ್ಗಡೆ ಬೇರೆಯವ್ರದೂ ಐತಾ?"

ಬೇರೆಯವರದೂ ಬಹಳವಿದೆ ಎಂದು ಮಾಲಿನಿ ಒಪ್ಪಿಕೊಂಡಳು.

"ಹಂಗಾದ್ರೆ ಏನೂ ಆಗಿಲ್ಲ ತಗಳಮ್ಮ. ಅವರು ಅಲ್ಲೇ ಎಲ್ಲೋ ಕುಂತಿರ್ತಾರೆ. ನೀನು ಹೋಗಿ ಆ ಮೊದಲನೇ ಜೊತೇನ ಒಂಚೂರು ಹಿಂದಕ್ಕೆ ಸರಿಸು ಸಾಕು."

ಇಷ್ಟು ಹೇಳಿ ಅವರು ಮತ್ತೆ ಯಂತ್ರ ಹಾಕಿದರು.

ಮಾಲಿನಿ ನನ್ನ ಮುಖ ನೋಡಿದಳು. ನಾವಿಬ್ಬರೂ ಆ ಅಂತಸ್ತಿಗೆ ಹೋದೆವು. ಅಷ್ಟರಲ್ಲಿ ಮೊದಲನೆಯ ಜೊತೆಯನ್ನು ಸಾಕ್ಷ್ಯವೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕ್ಯಾಪ್ಟನ್ ಕೋಣೆಗೆ ಒಯ್ದಾಗಿತ್ತು. ಅದು ಚನ್ನಬಸಪ್ಪನವರಿಗೆ ತಿಳಿದಿರಲಿಲ್ಲ. ಆ ಹೊತ್ತಿಗೆ ಕುರ್ಚಿಗಳ ಮರೆಯ ಬೆಚ್ಚನೆಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದ್ದರು. ಉಳಿದದ್ದರಲ್ಲಿ ಮುಂದಿದ್ದ ತಿಮ್ಮರಾಯಪ್ಪನವರ ಜೊತೆಯನ್ನೇ ಮಾಲಿನಿ ಬಗ್ಗಿ ಬೆರಳ ತುದಿಯಿಂದ ಒಂದಿಷ್ಟು ಸರಿಸಿದಳು.

"ಏಯ್, ಯಾರಮ್ಮ ಅದು, ಸಾಲು ಕೆಡಿಸ್ತಿರೋದು?" ಎಂದು ಕುರ್ಚಿಗಳ ಹಿಂದಿನಿಂದ ದನಿ ಬಂತು. ಹಿಂದೆಯೇ ಚೀಲ, ಬಿಳಿ ಚಪ್ಪಲಿ ಸಮೇತ ಚನ್ನಬಸಪ್ಪನವರು ಬಂದರು.

ಮಾಲಿನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು. ದೋಣಿಯನ್ನು ಹಿಂದಕ್ಕೆ ಕರೆಸಲು ಹೇಳಿ ಕಳಿಸಿದಳು. ಆದರೆ ಅಷ್ಟರಲ್ಲಿ ಇಳಿಸುವ ವೇಳೆ ಮೀರಿ ಗುಂಪುಗಳ ಲೆಕ್ಕವೆಲ್ಲ ಕಲಸಿಹೋಗಿತ್ತು. ರೈಲಿನವರು, ವಿಮಾನದವರು, ಮಕ್ಕಳೊಂದಿಗರು ಎಲ್ಲ ಬಾಗಿಲಿಗೆ ಬಂದು ಒತ್ತರಿಸಿ, ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತಾಗಿತ್ತು. ಯಾವ ಗುಂಪಿನ ಕ್ರಮವನ್ನು ಕೂಗಿದರೂ ಒಪ್ಪುವವರಿಲ್ಲ. ಕೊನೆಗೆ ಆಕೆ ಹಳದಿ ಪಟ್ಟಿಯನ್ನು ಬಿಚ್ಚಿ, ಎಲ್ಲರೂ ಅವರವರ ಚಪ್ಪಲಿಯಲ್ಲಿ ಹೋಗಿ ನಿಲ್ಲಿ ಎಂದಳು. ಗದ್ದಲ ನಿಂತಿತು. ನೋಡನೋಡುತ್ತಿದ್ದಂತೆ ಕಾಲುಗಳು ಚಪ್ಪಲಿಗಳನ್ನು ಸೇರಿ, ಚಪ್ಪಲಿಗಳು ಮನುಷ್ಯರಾಗಿ, ಸಾಲೊಂದು ಸಿದ್ಧವಾಯಿತು. ಚಪ್ಪಲಿ ಬಿಡದಿದ್ದವರು ತಾವಾಗಿಯೇ ಹಿಂದೆ ನಿಂತರು.

ನನ್ನ ಎದೆ ಹಗುರವಾಯಿತು. ಮೊದಲು ಇಳಿದರೆ ವಿಮಾನ ಸಿಗುವಷ್ಟು ಹೊತ್ತು ಇನ್ನೂ ಇತ್ತು. ತಿಮ್ಮರಾಯಪ್ಪನವರು ಮುಂದಿನ ಜಾಗ ಬಿಟ್ಟುಕೊಂಡು, ಬನ್ನಿ ಚನ್ನಬಸಪ್ಪನೋರೆ ಎಂದು ಕರೆದರು.

ಚನ್ನಬಸಪ್ಪನವರು ಆ ಖಾಲಿ ಜಾಗವನ್ನು ನೋಡಿದರು. ತಮ್ಮ ಬಿಳಿ ಬಟ್ಟೆಯ ಚಪ್ಪಲಿಗಳನ್ನು ನೋಡಿಕೊಂಡರು. ಆಮೇಲೆ ಚೀಲ ಸರಿಪಡಿಸಿಕೊಂಡು ಸಾಲಿನ ಕೊನೆಗೆ ನಡೆದುಬಿಟ್ಟರು.

ನಾನು ನನ್ನ ಬೂಟುಗಳನ್ನು ತೊರೆದು ಅವರ ಹಿಂದೆ ಓಡಿದೆ. ನಿಮ್ಮ ಚಪ್ಪಲಿ ಅಲ್ಲಿದ್ದುದನ್ನು ಹಡಗಿಗೆ ಹಡಗೇ ಕಂಡಿದೆ, ಅದರ ಫೋಟೋ ಕೂಡ ತೆಗೆದಿದ್ದಾರೆ ಎಂದೆ. ಒಯ್ದವರು ಕ್ಯಾಪ್ಟನ್ ಕಡೆಯವರು, ನಿಮ್ಮ ತಪ್ಪಲ್ಲ ಎಂದೆ.

"ನಾಯಿ ತಗೊಂಡೋದ್ರೂ ಒಂದೇ, ಕ್ಯಾಪ್ಟನ್ ತಗೊಂಡೋದ್ರೂ ಒಂದೇ, ಮೇಷ್ಟ್ರೇ. ಷಡ್ಡಕನಿಗೊಂದು ನ್ಯಾಯ, ನನಗೊಂದು ನ್ಯಾಯವಾ?"

ಅತ್ತ ಸಾಲು ಚಲಿಸಲಿಲ್ಲ. ತಿಮ್ಮರಾಯಪ್ಪನವರು, ಮೊದಲನೆಯವರು ಹೋಗದೆ ಎರಡನೆಯವನು ಹೋಗುವುದು ಹೇಗೆ ಎಂದು ಬಾಗಿಲಲ್ಲಿ ಗೂಟದಂತೆ ನಿಂತಿದ್ದರು. ಅವರೂ ನಮ್ಮ ಸೀಮೆಯವರೇ. ಮಾಲಿನಿ ಈ ತುದಿಯಿಂದ ಆ ತುದಿಗೆ ಓಡಾಡಿದಳು.

ಆಗ, ದಡದ ಸಿಗ್ನಲ್ ಸಿಕ್ಕಿ, ಚನ್ನಬಸಪ್ಪನವರಿಗೆ ಫೋನು ಬಂತು. ಅವರು ಫೋನನ್ನು ಕಿವಿಗೆ ಹಿಡಿಯುವವರಲ್ಲ. ಅಂಗೈಯ ಮೇಲಿಟ್ಟುಕೊಂಡು, ಸುತ್ತಲಿನವರಿಗೆಲ್ಲ ಕೇಳುವಂತೆ ಮಾತಾಡುವವರು. ಬೃಂದಾಳ ದನಿ.

"ಮಾವ, ಇಳಿದ್ರಾ?"

"ಸಾಲಲ್ಲಿದೀನಿ ಕಣವ್ವ."

"ಎಷ್ಟನೇಯವರು?"

ಚನ್ನಬಸಪ್ಪನವರು ಸಾಲಿನ ಉದ್ದವನ್ನು ಕಣ್ಣಿನಲ್ಲೇ ಅಳೆದರು. "ಕೊನೇಲಿದೀನಿ."

ಆ ಕಡೆ ಹುಡುಗಿ ಅಳಲಿಲ್ಲ, ಆಕ್ಷೇಪಿಸಲಿಲ್ಲ. ಅಷ್ಟು ವರ್ಷ ಅವರ ನೆರಳಲ್ಲಿ ಬೆಳೆದವಳಿಗೆ ಮಾವನ ಕಾನೂನು ಗೊತ್ತಿತ್ತು.

"ಸರಿ ಮಾವ. ನಿಧಾನಕ್ಕೆ ಬನ್ನಿ," ಎಂದಳು.

ಚನ್ನಬಸಪ್ಪನವರು ಫೋನನ್ನು ಹಿಡಿದೇ ನಿಂತರು. ಯೂರಿಯಾದ ದಿನ ಸ್ಟೂಲು ಹತ್ತಿದಾಗ ಇಲ್ಲದ ಅಳುಕು ಅವರ ಮುಖದಲ್ಲಿತ್ತು. ಆಮೇಲೆ ಸಾಲಿನತ್ತ ತಿರುಗಿ, ಪರರ ಮನೆಯ ಬಾಗಿಲಲ್ಲಿ ನಿಂತವರಂತೆ ಹೇಳಿದರು:

"ನನ್ ತಂಗಿ ಮಗಳಿಗೆ ಇವತ್ತು ತಟ್ಟೆ ಬದಲಾಯ್ಸೋದು. ಅಪ್ಪ ಇಲ್ಲದ ಮಗು. ನಾನೇ ಹಿಡೀಬೇಕು. ನನ್ನನ್ನ ಒಂಚೂರು ಮುಂದೆ ಬಿಡ್ತೀರಾ?"

ಕನ್ನಡ ತಿಳಿದವರು ತಿಳಿಯದವರಿಗೆ ಹೇಳಿದರು. ಸಾಲು ಎರಡಾಗಿ ಸೀಳಿ ನಡುವೆ ದಾರಿಯಾಯಿತು. ಮೋಜಡಿಯ ಮುದುಕರೊಬ್ಬರು ಅವರ ಚೀಲವನ್ನು ಕಿತ್ತುಕೊಂಡು ತಾವೇ ಹೊತ್ತರು. ಎತ್ತರದ ಹಿಮ್ಮಡಿಯ ಮಹಿಳೆ ನನ್ನನ್ನೂ ಬೆನ್ನು ತಟ್ಟಿ ಮುಂದೆ ದೂಡಿದರು. ಬಾಗಿಲಲ್ಲಿ ಮಾಲಿನಿ, ಚಪ್ಪಲಿಗಳನ್ನು ಅಂಚೆಯಲ್ಲಿ ಕಳಿಸುತ್ತೇವೆಂದು ಹೇಳಿ, ಇದೇ ಮಾತನ್ನು ನಿನ್ನೆ ಕೌಂಟರಿನಲ್ಲಿ ಹೇಳಿದ್ದರೆ ಮೊದಲನೆಯ ಗುಂಪಿನಲ್ಲೇ ಕಳಿಸುತ್ತಿದ್ದೆವಲ್ಲ ಸರ್ ಎಂದಳು. ಚನ್ನಬಸಪ್ಪನವರು ಅದನ್ನು ಕೇಳಿಸಿಕೊಳ್ಳದಿರುವುದೇ ಸರಿಯೆಂದು ತೀರ್ಮಾನಿಸಿದರು.

ವಿಮಾನ ಸಿಕ್ಕಿತು, ಬಾಗಿಲು ಹಾಕುವ ಹೊತ್ತಿಗೆ ಓಡಿಹೋಗಿ ಹತ್ತಿದೆವು. ತಪಾಸಣೆಯಲ್ಲಿ ಚನ್ನಬಸಪ್ಪನವರ ಬಟ್ಟೆಯ ಚಪ್ಪಲಿಗಳು ಒಂದು ತಟ್ಟೆಯಲ್ಲಿ ಒಂಟಿಯಾಗಿ, ಗಂಭೀರವಾಗಿ ಯಂತ್ರದೊಳಗೆ ಹೋಗಿ ಬಂದವು. ಬರಿಗಾಲಿನ ನನ್ನನ್ನು ಸಿಬ್ಬಂದಿ ಯಾವುದೋ ಹರಕೆ ಹೊತ್ತವನೆಂದು ತಿಳಿದು ಗೌರವದಿಂದ ಬಿಟ್ಟರು. ಬೆಂಗಳೂರಿನಿಂದ ಕಾರು, ಕಡೂರು ದಾಟಿ ತರೀಕೆರೆ.

ಷಣ್ಮುಖಪ್ಪನವರು ಗೋಡೆ ಗಡಿಯಾರದ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಎರಡು ಸಲ ಕೆಮ್ಮಿ ಆಗಿತ್ತು. ತೀರ್ಥಮ್ಮ ಹೊಸ್ತಿಲು ಬಿಟ್ಟು ಕದಲಿರಲಿಲ್ಲ. ಚನ್ನಬಸಪ್ಪನವರು ಬಂದವರೇ ಕಾಲು ತೊಳೆದು, ಹೆಗಲಿಗೆ ವಲ್ಲಿ ಹಾಕಿಕೊಂಡು ತಟ್ಟೆ ಹಿಡಿದು ನಿಂತರು. ತಟ್ಟೆ ಬದಲಾಯಿತು. ಷಣ್ಮುಖಪ್ಪನವರು ಗಡಿಯಾರ ನೋಡಿ, ಬಸ್ಸು ಹೊತ್ತಿಗೆ ಬಂತು ಎಂಬಂತೆ ತಲೆಯಾಡಿಸಿದರು.

ಊಟದ ಪಂಕ್ತಿಯಲ್ಲಿ ಬೀಗರು ಹಡಗಿನ ಸಮಾಚಾರ ಕೇಳಿದರು. ಚನ್ನಬಸಪ್ಪನವರು ಹೋಳಿಗೆ ಬದಿಗಿಟ್ಟು ವರ್ಣಿಸಿದರು: ಸಮುದ್ರದ ಮೇಲೆ ಮೊದಲ ಬಾರಿಗೆ ಚಪ್ಪಲಿಸಾಲು ನಿಂತದ್ದು, ಹಡಗಿನವರು ಅದಕ್ಕೆ ಪಟ್ಟಿ ಕಟ್ಟಿ ಕಾವಲು ಕೊಟ್ಟದ್ದು, ಅಷ್ಟು ದೊಡ್ಡ ಜನಸ್ತೋಮ ಒಂದು ಏರುದನಿಯಿಲ್ಲದೆ ಕ್ರಮಕ್ಕೆ ಬಂದದ್ದು. ಕೊನೆಗೆ, ಜನ ಎರಡಾಗಿ ಸರಿದು ದಾರಿ ಬಿಟ್ಟರು, ತಾನು ಇಳಿದು ಬಂದೆ ಎಂದು ಮುಗಿಸಿದರು. ಎಲ್ಲಿಯೂ ಸುಳ್ಳಿರಲಿಲ್ಲ, ಒಂದು ವಾಕ್ಯ ಮಾತ್ರ ಬಿಟ್ಟುಹೋಗಿತ್ತು. ನಾನು ನನ್ನ ಎಲೆ ನೋಡಿಕೊಂಡೆ. ಬೀಗರು ಭೇಷ್ ಎಂದರು.

ಅಷ್ಟರಲ್ಲಿ ಬೃಂದಾ ತುಪ್ಪದ ಬಟ್ಟಲು ಹಿಡಿದು ಬಂದು ಮಾವನ ಎಲೆಯ ಮುಂದೆ ಬಗ್ಗಿದಳು. ಬೆಳಗ್ಗೆ ಅವರು ಫೋನು ಕಟ್ ಮಾಡುವುದನ್ನು ಮರೆತಿದ್ದರೆಂಬುದು ಅವಳಿಗಲ್ಲದೆ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ತುಪ್ಪ ಬಡಿಸಿ, ಅವರಿಗೂ ಪಕ್ಕದ ಎಲೆಯಲ್ಲಿದ್ದ ನನಗೂ ಅಷ್ಟೇ ಕೇಳುವಂತೆ ಅವಳು ಹೇಳಿದಳು:

"ಮಾವ, ಸಾಲಿನವರನ್ನ ಏನೋ ಕೇಳಿದ್ರಲ್ಲ. ಅದನ್ನ ಇನ್ನೊಂದ್ಸಲ ಹೇಳಿ."